ಕ್ರೋಮಿಯಂ ತಿನ್ನೋ ಬ್ಯಾಕ್ಟೀರಿಯಾ: ಬಾಟಲಿ ಕೊಳ್ಳೋ ಮುಂಚೆ ಈ ಲೆಕ್ಕ ನೋಡಿ

ಕೆಲವು ತಿಂಗಳಿಂದ ನಮ್ಮ ಭಾಗದ ರೈತರ ವಾಟ್ಸಾಪ್ ಗುಂಪುಗಳಲ್ಲಿ ಒಂದು ಜಾಹೀರಾತು ಸುತ್ತುತ್ತಾ ಇದೆ. ಎಕರೆಗೆ ಒಂದೇ ಲೀಟರ್ ಸಾಕು, ಡ್ರಿಪ್‌ನಲ್ಲಿ ಬಿಟ್ಟರೆ ಆಯ್ತು, ಮಣ್ಣಿನಲ್ಲಿರೋ ಕ್ರೋಮಿಯಂ, ಸೀಸ ಎಲ್ಲವನ್ನೂ ಬ್ಯಾಕ್ಟೀರಿಯಾ ತಿಂದು ಖಾಲಿ ಮಾಡುತ್ತೆ ಅನ್ನೋದು ಅದರ ಸಾರಾಂಶ. ಕಾರ್ಖಾನೆಗಳ ಪಕ್ಕದಲ್ಲಿ ತರಕಾರಿ ಬೆಳೆಯುವ ಹುಡುಗರು ಅದನ್ನೇ ನನಗೆ ಫಾರ್ವರ್ಡ್ ಮಾಡಿ, "ಅಣ್ಣಾ, ಇದು ಹಾಕಬಹುದಾ?" ಅಂತ ಕೇಳ್ತಾರೆ.

ಬೇಡ ಅಂತಲೇ ನನ್ನ ಉತ್ತರ. ಆದರೆ ಬ್ಯಾಕ್ಟೀರಿಯಾದ ಕಥೆ ಸುಳ್ಳು ಅನ್ನೋ ಕಾರಣಕ್ಕಲ್ಲ. ವಿಷಕಾರಿ ಕ್ರೋಮಿಯಂ ನಡುವೆ ಬದುಕೋ, ಅದರ ವಿಷವನ್ನು ತಗ್ಗಿಸೋ ಬ್ಯಾಕ್ಟೀರಿಯಾಗಳು ನಿಜವಾಗಿಯೂ ಇವೆ. ಅರ್ಧ ಸತ್ಯ ಇರೋದರಿಂದಲೇ ಆ ಬಾಟಲಿ ಅಷ್ಟು ಸುಲಭವಾಗಿ ಮಾರಾಟ ಆಗ್ತಿದೆ. ಉಳಿದರ್ಧ ಗೊತ್ತಾದರೆ ದುಡ್ಡೂ ಉಳಿಯುತ್ತೆ, ಭೂಮಿಯೂ ಉಳಿಯಬಹುದು. ನಾನೂ ಸಾವಯವದವನೇ, ಸೂಕ್ಷ್ಮಜೀವಿಗಳನ್ನು ನಂಬಿಯೇ ಬೇಸಾಯ ಮಾಡ್ತಿರೋದು. ಅವುಗಳ ಹೆಸರಲ್ಲಿ ಏನನ್ನು ಬೇಕಾದರೂ ಮಾರೋದು ನೋಡಿದಾಗ ಸಿಟ್ಟು ಬರೋದೂ ಅದಕ್ಕೇ.

ಒಂದೇ ಹೆಸರು, ಎರಡು ಗುಣ

ಕ್ರೋಮಿಯಂ ಅಂದ ತಕ್ಷಣ ಎಲ್ಲವೂ ವಿಷ ಅಂತ ತಿಳಿಯಬೇಡಿ. ಮಣ್ಣಲ್ಲಿ ನಮಗೆ ಎದುರಾಗೋದು ಮುಖ್ಯವಾಗಿ ಎರಡು ರೂಪ. ಒಂದನ್ನು ಕ್ರೋಮಿಯಂ-3 ಅಂತಲೂ ಇನ್ನೊಂದನ್ನು ಕ್ರೋಮಿಯಂ-6 ಅಂತಲೂ ಕರೆಯೋಣ. ಲ್ಯಾಬ್ ವರದಿಯಲ್ಲಿ ಇವು ಟ್ರೈವೇಲೆಂಟ್, ಹೆಕ್ಸಾವೇಲೆಂಟ್ ಅನ್ನೋ ಹೆಸರಲ್ಲಿ ಬರುತ್ತವೆ.

ಕ್ರೋಮಿಯಂ-3 ಸೋಮಾರಿ. ನಮ್ಮ ಸಾಧಾರಣ ಹೊಲದ ಪಿಎಚ್‌ನಲ್ಲಿ ನೀರಲ್ಲಿ ಹೆಚ್ಚು ಕರಗಲ್ಲ, ಮಣ್ಣಿನ ಕಣಕ್ಕೋ ಕಬ್ಬಿಣದ ಆಕ್ಸೈಡ್‌ಗೋ ಅಂಟಿಕೊಂಡು ಕೂತುಬಿಡುತ್ತೆ, ಬೇರಿಗೂ ಹೆಚ್ಚು ಸಿಗಲ್ಲ. ಕ್ರೋಮಿಯಂ-6 ಹಾಗಲ್ಲ. ಅದು ಕ್ರೋಮೇಟ್ ರೂಪದಲ್ಲಿ ನೀರಲ್ಲಿ ಕರಗಿ ಮಳೆ ನೀರಿನ ಜೊತೆ ಕೆಳಗಿಳಿಯುತ್ತೆ, ಅಂತರ್ಜಲ ಸೇರುತ್ತೆ, ಅಲ್ಲಿಂದ ನಿಮ್ಮ ಬೋರ್‌ವೆಲ್ ಹತ್ತಿ ಮತ್ತೆ ಹೊಲಕ್ಕೆ ಬರುತ್ತೆ. ಇದು ಕ್ಯಾನ್ಸರ್‌ಕಾರಕ. ಗಿಡಕ್ಕೂ ಇದರಿಂದ ಮೂರುಕಾಸಿನ ಉಪಯೋಗ ಇಲ್ಲ. ಬೇರು ಗಿಡ್ಡ ಆಗುತ್ತೆ, ಎಲೆ ಹಳದಿ ತಿರುಗುತ್ತೆ, ಬೆಳೆ ಕುಂಠಿತ ಆಗುತ್ತೆ.

ಚರ್ಮ ಹದ ಮಾಡೋಕೆ ಬಳಸೋದು ಹೆಚ್ಚಾಗಿ ಕ್ರೋಮಿಯಂ-3ರ ಲವಣ. ಕ್ರೋಮೇಟ್ ತಯಾರಿಸೋ ಕಾರ್ಖಾನೆ, ಎಲೆಕ್ಟ್ರೋಪ್ಲೇಟಿಂಗ್ ಘಟಕಗಳಿಂದ ಬರೋದು ಕ್ರೋಮಿಯಂ-6. ಬೆಂಗಳೂರಿನ ಪೀಣ್ಯದಲ್ಲಿ ಅಂತರ್ಜಲಕ್ಕೆ ಕ್ರೋಮಿಯಂ ಸೇರಿರೋದು ಸರ್ಕಾರಿ ಸಂಸ್ಥೆಗಳ ದಾಖಲೆಯಲ್ಲೇ ಇದೆ. ಅಲ್ಲಿ ಪ್ಲೇಟಿಂಗ್ ಘಟಕಗಳು ಎಷ್ಟಿವೆ ಅಂತ ಬಲ್ಲವರಿಗೆ ಅದರಲ್ಲಿ ಆಶ್ಚರ್ಯವೇನಿಲ್ಲ.

ಬ್ಯಾಕ್ಟೀರಿಯಾ ಹೇಗೆ ತಡ್ಕೊಳ್ಳುತ್ತೆ?

ಇಲ್ಲಿಂದ ವಿಷಯ ಸ್ವಾರಸ್ಯವಾಗುತ್ತೆ. ಕ್ರೋಮೇಟ್‌ನ ಆಕಾರ ಸಲ್ಫೇಟ್ ಥರಾನೇ ಇರುತ್ತೆ. ಅಮೋನಿಯಂ ಸಲ್ಫೇಟ್, ಜಿಪ್ಸಂ ಇದರಲ್ಲೆಲ್ಲಾ ಇರೋ ಅದೇ ಸಲ್ಫೇಟ್. ಪ್ರತಿ ಜೀವಕೋಶಕ್ಕೂ ಗಂಧಕ ಬೇಕು, ಹಾಗಾಗಿ ಸಲ್ಫೇಟ್ ಒಳಗೆ ಬರೋಕೆ ಕೋಶದ ಗೋಡೆಯಲ್ಲಿ ಒಂದು ಬಾಗಿಲು ಇಟ್ಕೊಂಡಿರುತ್ತೆ. ಕ್ರೋಮೇಟ್ ಸಲ್ಫೇಟ್ ವೇಷದಲ್ಲಿ ಅದೇ ಬಾಗಿಲಿಂದ ಒಳಗೆ ನುಗ್ಗುತ್ತೆ. ಒಳಗೆ ಹೋದ ಮೇಲೆ ಎಲೆಕ್ಟ್ರಾನ್‌ಗಳನ್ನು ಕಿತ್ಕೊಳ್ಳುತ್ತೆ, ಆ ಗಲಾಟೆಯಲ್ಲಿ ಉರಿ ಹಚ್ಚೋ ಆಮ್ಲಜನಕದ ಕಣಗಳು ಹುಟ್ಟಿ ಡಿಎನ್‌ಎಯನ್ನೇ ತುಂಡು ಮಾಡುತ್ತವೆ. ಸಾಮಾನ್ಯ ಬ್ಯಾಕ್ಟೀರಿಯಾ ಸತ್ತುಹೋಗುತ್ತೆ.

ಸಾಯದೇ ಉಳಿಯೋ ಬ್ಯಾಕ್ಟೀರಿಯಾಗಳು ಏನು ಮಾಡುತ್ತವೆ? ಮೊದಲನೇ ಉಪಾಯ, ಬಂದದ್ದನ್ನು ಆಚೆ ನೂಕೋದು. ಸಿಎಚ್‌ಆರ್‌ಎ ಅನ್ನೋ ಒಂದು ಪ್ರೋಟೀನ್ ಇದೆ, ಕೋಶದ ಪೊರೆಯಲ್ಲಿ ಕೂತು ಮೋಟಾರ್ ಪಂಪ್ ಥರ ಕ್ರೋಮೇಟನ್ನು ಹೊರಗೆ ಎತ್ತಿ ಹಾಕುತ್ತೆ. ಸೂಡೋಮೊನಾಸ್ ಏರುಜಿನೋಸಾ, ಕ್ಯುಪ್ರಿಯಾವಿಡಸ್ ಮೆಟಲ್ಲಿಡ್ಯುರಾನ್ಸ್ ಅನ್ನೋ ಬ್ಯಾಕ್ಟೀರಿಯಾಗಳಲ್ಲಿ ಇದನ್ನು ಚೆನ್ನಾಗಿ ಅಧ್ಯಯನ ಮಾಡಿದ್ದಾರೆ. ಈ ಎರಡರಲ್ಲೂ ಪಂಪಿನ ಜೀನ್ ಇರೋದು ಪ್ಲಾಸ್ಮಿಡ್ ಅನ್ನೋ ಸಣ್ಣ ಡಿಎನ್‌ಎ ಉಂಗುರದಲ್ಲಿ. ಪ್ಲಾಸ್ಮಿಡ್‌ಗಳು ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ ದಾಟಬಲ್ಲವು. ಅಕ್ಕಪಕ್ಕದ ಹೊಲದವರು ಬಿತ್ತನೆ ಬೀಜ ಹಂಚ್ಕೊಳ್ಳಲ್ವಾ, ಹಾಗೆ.

ಎರಡನೇ ಉಪಾಯ, ವಿಷದ ರೂಪವನ್ನೇ ಬದಲಿಸೋದು. ಬ್ಯಾಕ್ಟೀರಿಯಾದ ಕೆಲವು ಕಿಣ್ವಗಳು ಕ್ರೋಮಿಯಂ-6ಕ್ಕೆ ಎಲೆಕ್ಟ್ರಾನ್ ಕೊಟ್ಟು ಅದನ್ನು ಕ್ರೋಮಿಯಂ-3 ಮಾಡಿಬಿಡುತ್ತವೆ. ಓಡಾಡೋ ವಿಷ ಕೂತಲ್ಲೇ ಕೂರೋ ಹಾಗಾಗುತ್ತೆ. 1977ರಲ್ಲಿ ಆಗಿನ ಸೋವಿಯತ್ ಒಕ್ಕೂಟದ ರೊಮನೆಂಕೊ ಮತ್ತು ಕೊರೆಂಕೊವ್ ಇಂಥ ಬ್ಯಾಕ್ಟೀರಿಯಾದ ಬಗ್ಗೆ ಮೊದಲು ವರದಿ ಮಾಡಿದರು. ಅವರಿಗೆ ಅದು ಸಿಕ್ಕಿದ್ದು ಚರಂಡಿ ನೀರಿನ ಕೆಸರಲ್ಲಿ. ಆಮೇಲೆ ಬ್ಯಾಸಿಲಸ್, ಸೂಡೋಮೊನಾಸ್, ಎಂಟರೋಬ್ಯಾಕ್ಟರ್, ಶೆವನೆಲ್ಲಾ ಹೀಗೆ ದೊಡ್ಡ ಪಟ್ಟಿಯೇ ಬೆಳೀತು. ಒಡಿಶಾದ ಸುಕಿಂದಾ ಕ್ರೋಮೈಟ್ ಗಣಿಗಳ ಮಣ್ಣಿಂದಲೂ ನಮ್ಮ ವಿಜ್ಞಾನಿಗಳು ಇಂಥವನ್ನು ಬೇರ್ಪಡಿಸಿದ್ದಾರೆ. ಕೆಲವಂತೂ ನೇರವಾಗಿ ಕ್ರೋಮಿಯಂ ಮುಟ್ಟೋದೇ ಇಲ್ಲ. ಗಾಳಿಯಾಡದ ಮಣ್ಣಲ್ಲಿ ಕಬ್ಬಿಣವನ್ನೋ ಗಂಧಕವನ್ನೋ ಬದಲಿಸುತ್ತವೆ, ಹಾಗೆ ಬದಲಾದ ಕಬ್ಬಿಣ, ಗಂಧಕ ಹೋಗಿ ಕ್ರೋಮಿಯಂ-6ರ ಹಲ್ಲು ಕೀಳುತ್ತವೆ.

ಈಗ ಆ ಬಾಟಲಿ ನೆನಪಿಸಿಕೊಳ್ಳಿ. ಅದರ ಮೇಲೆ "ಕ್ರೋಮಿಯಂ ನಿರೋಧಕ ಬ್ಯಾಕ್ಟೀರಿಯಾ" ಅಂತ ಬರೆದಿದ್ದರೆ ಅದರ ಅರ್ಥ ಏನು? ಬ್ಯಾಕ್ಟೀರಿಯಾ ಬದುಕುತ್ತೆ ಅಂತ, ಅಷ್ಟೇ. ಪಂಪ್ ಇಟ್ಕೊಂಡು ಕ್ರೋಮೇಟನ್ನು ಆಚೆ ನೂಕೋ ಬ್ಯಾಕ್ಟೀರಿಯಾ ತನ್ನ ಮನೆ ಕಸ ಗುಡಿಸಿ ರಸ್ತೆಗೆ ಹಾಕೋರ ಥರ. ಮನೆ ಚೊಕ್ಕಟ, ಬೀದಿ ಹಾಗೇ ಗಲೀಜು. ತಡ್ಕೊಳ್ಳೋದು ಬೇರೆ, ಶುದ್ಧ ಮಾಡೋದು ಬೇರೆ. ಮಾರೋಕೆ ಬಂದವರನ್ನು ಈ ಒಂದು ಪ್ರಶ್ನೆ ಕೇಳಿ ನೋಡಿ, ಬಹಳ ಜನಕ್ಕೆ ವ್ಯತ್ಯಾಸವೇ ಗೊತ್ತಿರಲ್ಲ.

ಇನ್ನೊಂದು ಮಾತು. ರೂಪ ಬದಲಿಸೋ ಬ್ಯಾಕ್ಟೀರಿಯಾ ಕೂಡ ಕ್ರೋಮಿಯಂ "ತಿನ್ನಲ್ಲ". ಕೀಟನಾಶಕದ ಉಳಿಕೆಯನ್ನಾದರೆ ಬ್ಯಾಕ್ಟೀರಿಯಾ ಒಡೆದು ಇಂಗಾಲದ ಡೈಆಕ್ಸೈಡ್, ನೀರು ಮಾಡಬಹುದು. ಲೋಹವನ್ನು ಒಡೆಯೋಕೆ ಆಗಲ್ಲ, ಅದು ಮೂಲಧಾತು. ನಿಮ್ಮ ಹೊಲದಲ್ಲಿ ಹತ್ತು ಕೆಜಿ ಕ್ರೋಮಿಯಂ ಇದ್ದರೆ ಬ್ಯಾಕ್ಟೀರಿಯಾದ ಕೆಲಸ ಮುಗಿದ ಮೇಲೂ ಹತ್ತು ಕೆಜಿ ಇರುತ್ತೆ. ಎದ್ದು ಓಡಾಡ್ತಿದ್ದದ್ದು ಮಲಗಿರುತ್ತೆ ಅಷ್ಟೇ.

ಮಲಗಿದ್ದು ಮತ್ತೆ ಏಳಬಹುದಾ? ಏಳಬಹುದು. ಅಮೆರಿಕದ ಬಾರ್ಟ್ಲೆಟ್ ಮತ್ತು ಜೇಮ್ಸ್ ಅನ್ನೋ ಮಣ್ಣು ವಿಜ್ಞಾನಿಗಳು 1979ರಲ್ಲೇ ಇದನ್ನು ತೋರಿಸಿದರು. ಮಣ್ಣಲ್ಲಿ ಸಹಜವಾಗಿ ಇರೋ ಮ್ಯಾಂಗನೀಸ್ ಆಕ್ಸೈಡ್, ಕ್ರೋಮಿಯಂ-3ರಲ್ಲಿ ಒಂದು ಪಾಲನ್ನು ಮತ್ತೆ ಕ್ರೋಮಿಯಂ-6 ಮಾಡಬಲ್ಲದು. ನಮ್ಮ ಕೆಂಪು ಮಣ್ಣಿನಲ್ಲೂ ಮ್ಯಾಂಗನೀಸ್ ಇದ್ದೇ ಇದೆ. ಎಷ್ಟು ತಿರುಗಿ ಬೀಳುತ್ತೆ ಅನ್ನೋದು ಪಿಎಚ್, ತೇವಾಂಶ, ಎಲ್ಲಕ್ಕಿಂತ ಹೆಚ್ಚಾಗಿ ಮಣ್ಣಿನ ಸಾವಯವ ಇಂಗಾಲದ ಮೇಲೆ ನಿಂತಿದೆ. ಬೆಂಕಿಯೂ ಇದೇ ಕೆಲಸ ಮಾಡುತ್ತೆ. ಅದಕ್ಕೇ ಹೇಳೋದು, ಚರ್ಮದ ಚೂರು, ಹಳೇ ಚಪ್ಪಲಿ, ಲೆದರ್ ತ್ಯಾಜ್ಯವನ್ನು ಹೊಲದಲ್ಲಿ ಸುಟ್ಟು ಬೂದಿ ಗೊಬ್ಬರ ಮಾಡಬೇಡಿ. ಸುಮ್ಮನಿದ್ದ ಕ್ರೋಮಿಯಂ-3 ಸುಟ್ಟಾಗ ಕ್ರೋಮಿಯಂ-6 ಆಗಬಹುದು.

ರಾಣಿಪೇಟೆಯ ಲೆಕ್ಕ

ಪಾಲಾರ್ ನದಿ ಹುಟ್ಟೋದು ನಮ್ಮ ನಂದಿ ಬೆಟ್ಟದ ಸೀಮೆಯಲ್ಲಿ. ಕೋಲಾರದ ಕಡೆಯಿಂದ ಆಂಧ್ರ ದಾಟಿ ತಮಿಳುನಾಡಿಗೆ ಹೋಗುತ್ತೆ. ಅಲ್ಲಿ ವಾಣಿಯಂಬಾಡಿ, ಆಂಬೂರು, ರಾಣಿಪೇಟೆ ಸಾಲಿನಲ್ಲಿ ಚರ್ಮ ಹದ ಮಾಡೋ ಕಾರ್ಖಾನೆಗಳು. ಈ ಪ್ರದೇಶದ ಬಗ್ಗೆ ವೆಲ್ಲೂರಿನ ನಾಗರಿಕರ ವೇದಿಕೆ ಹಾಕಿದ್ದ ಕೇಸಿನಲ್ಲಿ ಸುಪ್ರೀಂ ಕೋರ್ಟ್ 1996ರ ಆಗಸ್ಟ್‌ನಲ್ಲಿ ತೀರ್ಪು ಕೊಟ್ಟಿತು. ಟ್ಯಾನರಿಗಳ ಪಟ್ಟಿಯಲ್ಲಿ ಸುಮಾರು 35,000 ಹೆಕ್ಟೇರ್ ಸಾಗುವಳಿ ಭೂಮಿ ಪೂರ್ತಿಯೋ ಭಾಗಶಃವೋ ಬೇಸಾಯಕ್ಕೆ ಬಾರದ ಹಾಗಾಗಿದೆ ಅನ್ನೋ ತಮಿಳುನಾಡು ಕೃಷಿ ವಿಶ್ವವಿದ್ಯಾಲಯದ ಕೇಂದ್ರದ ಸಮೀಕ್ಷೆ ಆ ತೀರ್ಪಲ್ಲೇ ಇದೆ. ಮಲಿನ ಮಾಡಿದವರೇ ಖರ್ಚು ಭರಿಸಬೇಕು ಅನ್ನೋ ತತ್ವ ನಮ್ಮ ದೇಶದ ಕಾನೂನಿನ ಭಾಗ ಅಂತ ಕೋರ್ಟ್ ಗಟ್ಟಿಯಾಗಿ ಹೇಳಿದ್ದೂ ಇದರಲ್ಲೇ. ಒಂದು ರೀತಿಯಲ್ಲಿ ರೈತರ ಹಾಳಾದ ಹೊಲಗಳಿಂದ ಹುಟ್ಟಿದ ಕಾನೂನು ಅದು.

ಅದೇ ರಾಣಿಪೇಟೆಯಲ್ಲಿ ಟ್ಯಾನರಿಗಳಿಗೆ ಬೇಕಾದ ಕ್ರೋಮಿಯಂ ಲವಣ ತಯಾರಿಸ್ತಿದ್ದ ಒಂದು ಕಾರ್ಖಾನೆ ಇತ್ತು, ತಮಿಳುನಾಡು ಕ್ರೋಮೇಟ್ಸ್ ಅಂಡ್ ಕೆಮಿಕಲ್ಸ್ ಅಂತ. 1990ರ ದಶಕದಲ್ಲಿ ಅದು ಬಾಗಿಲು ಹಾಕ್ತು. ಲಕ್ಷ ಟನ್‌ಗೂ ಮೀರಿದ ಕ್ರೋಮಿಯಂ ತ್ಯಾಜ್ಯ ಅಲ್ಲೇ ಗುಡ್ಡೆಯಾಗಿ ಉಳೀತು. ಮಳೆ ಬಿದ್ದಾಗೆಲ್ಲ ಅದು ಅಂತರ್ಜಲಕ್ಕೆ ಇಳೀತಾ ಹೋಯ್ತು. 2006ರಲ್ಲಿ ಬ್ಲ್ಯಾಕ್‌ಸ್ಮಿತ್ ಇನ್‌ಸ್ಟಿಟ್ಯೂಟ್ ಪ್ರಕಟಿಸಿದ ಜಗತ್ತಿನ ಅತಿ ಮಲಿನ ಹತ್ತು ಜಾಗಗಳ ಪಟ್ಟಿಯಲ್ಲಿ ರಾಣಿಪೇಟೆ ಇತ್ತು.

ಈ ಕಾರ್ಖಾನೆ ಆವರಣದ ಮಣ್ಣನ್ನು ಮದ್ರಾಸ್ ಐಐಟಿಯ ಸಂಶೋಧಕರು ತಗೊಂಡು ಹೋಗಿ ಕೆಲಸ ಮಾಡಿದರು. 2005ರಲ್ಲಿ ಪ್ರಕಟವಾದ ಅವರ ಪ್ರಯೋಗ ನನಗೆ ಬಹಳ ಇಷ್ಟ, ಯಾಕಂದ್ರೆ ಅದರಲ್ಲಿ ಡೋಸ್ ಲೆಕ್ಕ ಇದೆ. ಬ್ಯಾಕ್ಟೀರಿಯಾವನ್ನು ಅವರು ಹೊರಗಿಂದ ತರಲಿಲ್ಲ. ಅದೇ ವಿಷದ ಮಣ್ಣಲ್ಲಿ ಬದುಕಿ ಉಳಿದಿದ್ದವನ್ನೇ ಹಿಡಿದು ಬೆಳೆಸಿದರು. ಅವುಗಳಿಗೆ ಊಟವಾಗಿ ಹಾಕಿದ್ದು ಕಾಕಂಬಿ, ಸಕ್ಕರೆ ಕಾರ್ಖಾನೆಯಲ್ಲಿ ಉಳಿಯುತ್ತಲ್ಲ, ಅದೇ. ಒಂದು ಗ್ರಾಂ ಮಣ್ಣಿಗೆ 15 ಮಿಲಿಗ್ರಾಂ ಹಸಿ ಬ್ಯಾಕ್ಟೀರಿಯಾ, 50 ಮಿಲಿಗ್ರಾಂ ಕಾಕಂಬಿ. ಹೀಗೆ ಹಾಕಿ ನಡೆಸಿದಾಗ ಗ್ರಾಂಗೆ 5.6 ಮಿಲಿಗ್ರಾಂ ಇದ್ದ ಕ್ರೋಮಿಯಂ-6 ಪೂರ್ತಿ ಕ್ರೋಮಿಯಂ-3 ಆಗೋಕೆ 20 ದಿನ ಹಿಡೀತು.

ಇಪ್ಪತ್ತೇ ದಿನ! ಕೇಳೋಕೆ ಎಷ್ಟು ಚೆನ್ನಾಗಿದೆ. ಈಗ ಮೊಬೈಲ್ ಕ್ಯಾಲ್ಕುಲೇಟರ್ ತೆಗೀರಿ. ಒಂದು ಎಕರೆಯಲ್ಲಿ ಮೇಲಿನ 15 ಸೆಂಟಿಮೀಟರ್ ಮಣ್ಣು ಅಂದ್ರೆ ಸುಮಾರು 900 ಟನ್. ಐಐಟಿಯವರ ಡೋಸ್ ಹಾಕಿದರೆ ಎಕರೆಗೆ 45 ಟನ್ ಕಾಕಂಬಿ, 13 ಟನ್‌ಗೂ ಮೇಲೆ ಬ್ಯಾಕ್ಟೀರಿಯಾ ಬೇಕು. ಟ್ಯಾಂಕರ್ ಸಾಲಾಗಿ ಬರಬೇಕು ಸ್ವಾಮೀ. ಬಾಟಲಿಯವರು ಹೇಳೋದು ಒಂದು ಲೀಟರ್.

ನ್ಯಾಯವಾಗಿ ಹೇಳಬೇಕು, ಅದು ಕಾರ್ಖಾನೆ ಒಳಗಿನ ಮಣ್ಣು, ವಿಪರೀತ ವಿಷ. ನಿಮ್ಮ ಹೊಲದಲ್ಲಿ ಅಷ್ಟು ಇರಲ್ಲ, ಹಾಗಾಗಿ ಅಷ್ಟು ಡೋಸೂ ಬೇಕಾಗಲ್ಲ. ಬ್ಯಾಕ್ಟೀರಿಯಾ ತಾನಾಗಿ ಹೆಚ್ಚುತ್ತಲ್ಲ ಅಂತಲೂ ನೀವು ಕೇಳಬಹುದು. ಸರಿ, ಇನ್ನೊಂದು ಲೆಕ್ಕ ಮಾಡೋಣ. ಒಳ್ಳೇ ದ್ರವ ಜೈವಿಕ ಗೊಬ್ಬರದಲ್ಲಿ ಒಂದು ಮಿಲಿಲೀಟರ್‌ಗೆ ಕನಿಷ್ಠ 10 ಕೋಟಿ ಬ್ಯಾಕ್ಟೀರಿಯಾ ಇರಬೇಕು ಅನ್ನೋದು ನಿಯಮ. ಹದವಾದ ಹೊಲದ ಮಣ್ಣಲ್ಲಿ ಒಂದು ಗ್ರಾಂಗೇ 10 ಕೋಟಿ ಅಥವಾ ಅದಕ್ಕೂ ಹೆಚ್ಚು ಬ್ಯಾಕ್ಟೀರಿಯಾ ಆಗಲೇ ಇರುತ್ತವೆ. ಅಂದರೆ ಒಂದು ಲೀಟರ್ ಬಾಟಲಿಯಲ್ಲಿರೋದು ಒಂದು ಕೆಜಿ ಮಣ್ಣಲ್ಲಿರೋಷ್ಟು. ಅದನ್ನು ನೀವು 900 ಟನ್ ಮಣ್ಣಿಗೆ ಸುರೀತೀರಿ. ಬಾಟಲಿಯಿಂದ ಬಂದ ಒಂದು ಬ್ಯಾಕ್ಟೀರಿಯಾಗೆ ಸುತ್ತಲೂ ಒಂಬತ್ತು ಲಕ್ಷ ಹಳಬರು. ಜಾಗ ಅವರದು, ಊಟ ಅವರದು. ಹೊಸಬ ಎಷ್ಟು ದಿನ ಬದುಕ್ತಾನೆ? ರೈಜೋಬಿಯಂ ಕೆಲಸ ಮಾಡುತ್ತಲ್ಲ ಅಂದರೆ, ಅದನ್ನು ಬೀಜಕ್ಕೇ ಲೇಪ ಮಾಡ್ತೀವಿ, ಹುರುಳಿಯೋ ಅಲಸಂದೆಯೋ ಅದಕ್ಕೆ ಬೇರಲ್ಲೇ ಗಂಟು ಮನೆ ಕಟ್ಟಿ ಊಟ ಹಾಕುತ್ತೆ. ಕ್ರೋಮಿಯಂ ಬ್ಯಾಕ್ಟೀರಿಯಾಗೆ ಆ ರಾಜಯೋಗ ಇಲ್ಲ.

ಜೀವಾಮೃತದವರಿಗೂ ಇದೇ ಲೆಕ್ಕ ಅನ್ವಯ. ನಾನೂ ಜೀವಾಮೃತ ಹಾಕ್ತೀನಿ. ಎಕರೆಗೆ 200 ಲೀಟರ್, ಅದರಲ್ಲಿ 2 ಕೆಜಿ ಬೆಲ್ಲ, 2 ಕೆಜಿ ದ್ವಿದಳ ಹಿಟ್ಟು, 10 ಕೆಜಿ ಸಗಣಿ. ಮಣ್ಣಿನ ಜೀವಿಗಳಿಗೆ ಅದು ಒಂದು ಲೋಟ ಟೀ ಕೊಟ್ಟ ಹಾಗೆ, ಚುರುಕಾಗ್ತವೆ. ಆದರೆ ಭಾರಲೋಹದ ಕೆಲಸ ಮಾಡಿಸಬೇಕಾದರೆ ಟೀ ಸಾಲಲ್ಲ, ಊಟ ಹಾಕಬೇಕು. ಜೀವಾಮೃತದಿಂದ ಕ್ರೋಮಿಯಂ ಹೋಗುತ್ತೆ ಅಂತ ವಿಡಿಯೋ ಮಾಡೋ ಸ್ನೇಹಿತರು ದಯವಿಟ್ಟು ಮುಂಚೆ ಮತ್ತು ಆಮೇಲಿನ ಲ್ಯಾಬ್ ವರದಿ ತೋರಿಸಲಿ. ಇಲ್ಲದಿದ್ದರೆ ಸಾವಯವದ ಹೆಸರು ಕೆಡೋದು ನಮ್ಮಿಂದಲೇ.

ಹಿಂಕ್ಲಿಯ ಮೇವಿನ ಹೊಲಗಳು

ಹಾಗಾದರೆ ಹೊಲದ ಮಟ್ಟದಲ್ಲಿ ಇದು ಎಲ್ಲೂ ಆಗೇ ಇಲ್ವಾ? ಆಗಿದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಹಿಂಕ್ಲಿ ಅಂತ ಮರುಭೂಮಿ ಅಂಚಿನ ಒಂದು ಹಳ್ಳಿ. ಅಲ್ಲಿ ಪಿಜಿ ಅಂಡ್ ಇ ಕಂಪನಿಯ ಗ್ಯಾಸ್ ಪೈಪ್‌ಲೈನ್ ಘಟಕ 1952ರಿಂದ 1966ರವರೆಗೆ ಕೂಲಿಂಗ್ ಟವರ್‌ಗೆ ತುಕ್ಕು ಹಿಡೀಬಾರದು ಅಂತ ಕ್ರೋಮಿಯಂ-6 ಬಳಸಿ, ಆ ನೀರನ್ನು ತಳಕ್ಕೆ ಹೊದಿಕೆಯೇ ಇಲ್ಲದ ಹೊಂಡಗಳಿಗೆ ಬಿಡ್ತಾ ಇತ್ತು. ಊರಿನವರು ಕೇಸು ಹಾಕಿದರು, 1996ರಲ್ಲಿ ಕಂಪನಿ 33.3 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಳ್ತು. ಜೂಲಿಯಾ ರಾಬರ್ಟ್ಸ್ ನಟಿಸಿದ 'ಎರಿನ್ ಬ್ರಾಕೊವಿಚ್' ಸಿನಿಮಾ ನೋಡಿದವರಿಗೆ ಈ ಕಥೆ ಗೊತ್ತಿರುತ್ತೆ. ಸಿನಿಮಾ ಮುಗಿದ ಮೇಲೆ ಏನಾಯ್ತು ಅನ್ನೋದು ರೈತರು ನೋಡಬೇಕಾದ ಭಾಗ.

ಅಲ್ಲಿ ಬ್ಯಾಕ್ಟೀರಿಯಾಗಳನ್ನು ಎರಡು ಥರ ದುಡಿಸಿದರು. ಒಂದು, ಬಾವಿಗಳ ಮೂಲಕ ಎಥನಾಲನ್ನು ನೆಲದಾಳಕ್ಕೆ ಇಳಿಸಿ ಅಲ್ಲಿರೋ ಬ್ಯಾಕ್ಟೀರಿಯಾಗಳಿಗೆ ಆಹಾರ ಕೊಡೋದು. ಇನ್ನೊಂದು, ಕ್ರೋಮಿಯಂ ಇರೋ ನೀರನ್ನು ಮೇಲಕ್ಕೆತ್ತಿ ಲೂಸರ್ನ್ ಹೊಲಗಳಿಗೆ ಹನಿಸೋದು. ನಾವು ಕುದುರೆ ಮಸಾಲೆ ಅಂತೀವಲ್ಲ, ಅದೇ ಮೇವು. ಬೇರಿನ ಸುತ್ತ ಸಾವಯವ ಪದಾರ್ಥ ಸಮೃದ್ಧವಾಗಿರುತ್ತೆ, ಬ್ಯಾಕ್ಟೀರಿಯಾ ಗಿಜಿಗುಡ್ತಿರುತ್ತೆ. ನೀರು ಆ ಪದರ ದಾಟಿ ಇಳಿಯೋವಾಗ ಕ್ರೋಮಿಯಂ-6 ಬದಲಾಗಿ ಕ್ರೋಮಿಯಂ-3 ಆಗಿ ಮೇಲ್ಮಣ್ಣಲ್ಲೇ ನಿಲ್ಲುತ್ತೆ. ಹೊರಗಿಂದ ಯಾವ ಬಾಟಲಿ ಬ್ಯಾಕ್ಟೀರಿಯಾನೂ ತಂದು ಸುರಿಯಲಿಲ್ಲ. ಇದ್ದ ಬ್ಯಾಕ್ಟೀರಿಯಾಗೆ ಇಂಗಾಲ ಕೊಟ್ಟರು, ಅಷ್ಟೇ. 1990ರ ದಶಕದಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ರಿವರ್‌ಸೈಡ್ ಕ್ಯಾಂಪಸ್ಸಿನ ವಿಜ್ಞಾನಿಗಳು ಮಣ್ಣಿಗೆ ದನದ ಗೊಬ್ಬರ ಬೆರೆಸಿ ಮಾಡಿದ ಪ್ರಯೋಗಗಳಲ್ಲೂ ಇದೇ ಕಂಡಿತ್ತು. ಕ್ರೋಮಿಯಂ-6 ತಗ್ಗಿಸೋದರಲ್ಲಿ ದೊಡ್ಡ ಪಾತ್ರ ಸಾವಯವ ಪದಾರ್ಥದ್ದು. ಕೊಟ್ಟಿಗೆ ಗೊಬ್ಬರಕ್ಕೆ ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇಕಾ!

ಆದರೆ ಅಲ್ಲಿಯೂ ಪುಕ್ಕಟೆ ಏನೂ ಆಗಲಿಲ್ಲ. ಎಥನಾಲ್ ಇಳಿಸಿದ ಕಡೆ ನೆಲದಾಳದ ಆಮ್ಲಜನಕ ಖಾಲಿಯಾಗಿ ಬಂಡೆ, ಮಣ್ಣಿನಲ್ಲಿ ಬಂಧಿಯಾಗಿದ್ದ ಮ್ಯಾಂಗನೀಸ್, ಕಬ್ಬಿಣ, ಆರ್ಸೆನಿಕ್ ನೀರಿಗೆ ಬಿಡುಗಡೆ ಆಗೋ ತಲೆನೋವು ಹುಟ್ಟಿತು. ಅದಕ್ಕೆ ಬೇರೆ ಕಾವಲು, ಬೇರೆ ಪರೀಕ್ಷೆ. ಸುತ್ತಲೂ ನೂರಾರು ಬಾವಿ ಕೊರೆದು ವರ್ಷವರ್ಷ ನೀರು ಪರೀಕ್ಷಿಸ್ತಾರೆ. ಈ ಎಲ್ಲ ಖರ್ಚು ಕಂಪನಿಯದು, ರೈತರದ್ದಲ್ಲ. ಅಷ್ಟು ದುಡ್ಡು, ಅಷ್ಟು ವಿಜ್ಞಾನ ಇದ್ದೂ ಕೆಲಸ ದಶಕಗಳಿಂದ ನಡೀತಾ ಇದೆ. ಊರಿನ ಬಹಳ ಜನ ಮನೆ ಮಾರಿ ಹೊರಟುಹೋದರು. ಶಾಲೆ 2013ರಲ್ಲಿ ಮುಚ್ಚಿತು.

ಅದಕ್ಕೇ "ಮೊದಲು ಬಿಡಲಿ, ಆಮೇಲೆ ಬ್ಯಾಕ್ಟೀರಿಯಾ ಹಾಕಿ ಸರಿ ಮಾಡೋಣ" ಅನ್ನೋ ಮಾತನ್ನು ನಾನು ಒಪ್ಪಲ್ಲ. ಕೈಗಾರಿಕೆಯವರು, ಕೆಲವೊಮ್ಮೆ ಅಧಿಕಾರಿಗಳೂ ಸಭೆಗಳಲ್ಲಿ ಹೀಗೆ ಮಾತಾಡೋದನ್ನು ಕೇಳಿದ್ದೀನಿ. ಕಾರ್ಖಾನೆಯೊಳಗೆ, ಟ್ಯಾಂಕಿನಲ್ಲಿ, ಎಂಜಿನಿಯರ್ ಕಣ್ಗಾವಲಿನಲ್ಲಿ ಬ್ಯಾಕ್ಟೀರಿಯಾ ದುಡಿಸಲಿ, ಬಹಳ ಸಂತೋಷ. ಹೊರಗೆ ಬಿಡೋ ನೀರಲ್ಲಿ ಕ್ರೋಮಿಯಂ-6 ಲೀಟರಿಗೆ 0.1 ಮಿಲಿಗ್ರಾಂ ದಾಟಬಾರದು ಅನ್ನೋ ನಿಯಮ ನಮ್ಮಲ್ಲಿ ಇದ್ದೇ ಇದೆ, ಅದನ್ನು ಪಾಲಿಸಲಿ. ನಮ್ಮ ಹೊಲ ಅವರ ಟ್ರೀಟ್‌ಮೆಂಟ್ ಟ್ಯಾಂಕ್ ಅಲ್ಲ.

ಈಗ ನೀವು ಮಾಡಬಹುದಾದ್ದು

ಪೀಣ್ಯದ ಕೆಳಗಿನ ವೃಷಭಾವತಿ ಸಾಲು, ಬೈರಮಂಗಲ ಕೆರೆ ಸುತ್ತಮುತ್ತ, ಅಥವಾ ಯಾವುದೇ ಕೈಗಾರಿಕಾ ಪ್ರದೇಶದ ಪಕ್ಕ ನಿಮ್ಮ ಜಮೀನಿದ್ದರೆ ಮೊದಲು ಮಾಡಬೇಕಾದ್ದು ಪರೀಕ್ಷೆ. ಮಣ್ಣು ಆರೋಗ್ಯ ಕಾರ್ಡ್ ಇದೆ ಅಂತ ನಿಶ್ಚಿಂತೆಯಿಂದ ಇರಬೇಡಿ, ಅದರಲ್ಲಿ ನೋಡೋ 12 ಅಂಶಗಳಲ್ಲಿ ಕ್ರೋಮಿಯಂ ಇಲ್ಲ. ಸಾರಜನಕ, ರಂಜಕ, ಪೊಟ್ಯಾಷ್, ಸತು ಎಲ್ಲ ಬರುತ್ತೆ, ಭಾರಲೋಹ ಬರಲ್ಲ. ನೀರು ತಿಳಿಯಾಗಿದೆ ಅಂತಲೂ ಸಮಾಧಾನ ಬೇಡ. ಕಣ್ಣಿಗೆ ಹಳದಿ ಕಾಣೋ ಹೊತ್ತಿಗೆ ಕ್ರೋಮೇಟ್ ಮಿತಿಗಿಂತ ಎಷ್ಟೋ ಪಟ್ಟು ಮೇಲೆ ಹೋಗಿರುತ್ತೆ. ಕುಡಿಯೋ ನೀರಿಗೆ ನಮ್ಮ ಬಿಐಎಸ್ ಮಿತಿ ಲೀಟರಿಗೆ 0.05 ಮಿಲಿಗ್ರಾಂ ಒಟ್ಟು ಕ್ರೋಮಿಯಂ. ನೀರಾವರಿಗೆ ವಿಶ್ವಸಂಸ್ಥೆಯ ಎಫ್‌ಎಒ ಸೂಚಿಸಿರೋದು 0.1. ಇವೆರಡೂ ಬರಿಗಣ್ಣಿಗೆ ಕಾಣೋ ಪ್ರಮಾಣ ಅಲ್ಲ.

ಮಿತಿ ಮೀರಿದ್ದರೆ ಆ ನೀರಲ್ಲಿ ಸೊಪ್ಪು, ಮೂಲಂಗಿ, ಕ್ಯಾರೆಟ್ ಬೆಳೀಬೇಡಿ ಅನ್ನೋದು ನನ್ನ ಖಡಾಖಂಡಿತ ಅಭಿಪ್ರಾಯ. ಗಿಡ ಹೀರೋ ಕ್ರೋಮಿಯಂನಲ್ಲಿ ಹೆಚ್ಚಿನ ಪಾಲು ಬೇರಲ್ಲೇ ಉಳಿಯುತ್ತೆ, ಹಾಗಾಗಿ ಗಡ್ಡೆ ತರಕಾರಿಯಲ್ಲಿ ಅಪಾಯ ನೇರ. ಸೊಪ್ಪಿಗೆ ನೀರು, ಮಣ್ಣು ಎರಡೂ ಮೇಲಿಂದಲೇ ಮೆತ್ತಿಕೊಳ್ಳುತ್ತೆ. ಸೇವಂತಿಗೆ, ಕನಕಾಂಬರ, ನರ್ಸರಿಯ ಅಲಂಕಾರಿಕ ಗಿಡ, ಮರ ಬೇಸಾಯ ಇಂಥದ್ದಕ್ಕೆ ಹೊರಳೋದು ಜಾಣತನ. ಸೀಮೆಹಸುವಿಗೆ ಮೇವು ಬೆಳೆಯೋದಾದರೆ ಮೇವನ್ನೂ ಒಮ್ಮೆ ಪರೀಕ್ಷೆ ಮಾಡಿಸಿ. ಬಾಡಿಗೆ ಜಮೀನಲ್ಲಿ ದಂಟು, ಪಾಲಕ್ ಬೆಳೆದು ವಾರವಾರ ದುಡ್ಡು ನೋಡ್ತಿರೋರಿಗೆ ಈ ಮಾತು ಕಹಿ ಅಂತ ಗೊತ್ತು. ಆ ಸೊಪ್ಪು ನಮ್ಮ ಮನೆ ಮಕ್ಕಳ ತಟ್ಟೆಗೂ ಬರುತ್ತಲ್ಲ.

ಮಣ್ಣಿಗೆ ಇಂಗಾಲ ಸೇರಿಸೋದು ಮಾತ್ರ ಎಲ್ಲರೂ ಮಾಡಬಹುದಾದ ಕೆಲಸ. ಸಾವಯವ ಇಂಗಾಲ ಶೇಕಡಾ 0.5ಕ್ಕಿಂತ ಕಡಿಮೆ ಇದ್ದರೆ ನಿಮ್ಮ ಬ್ಯಾಕ್ಟೀರಿಯಾಗಳು ಉಪವಾಸ ಇವೆ ಅಂತಲೇ ಲೆಕ್ಕ. ಇದನ್ನು ಮಣ್ಣು ಆರೋಗ್ಯ ಕಾರ್ಡ್‌ನಲ್ಲೇ ನೋಡಬಹುದು. ಕೊಟ್ಟಿಗೆ ಗೊಬ್ಬರ, ಸೆಣಬು ಅಥವಾ ಡಯಾಂಚ ಬಿತ್ತಿ ಮಣ್ಣಿಗೆ ಸೇರಿಸೋದು, ಬೆಳೆ ಉಳಿಕೆ ಸುಡದೆ ಹೊದಿಕೆ ಮಾಡೋದು, ಇವೆಲ್ಲ ಹಳೇ ಮಾತೇ. ಒಂದು ಸಲ ಹಾಕಿ ಕೈಬಿಟ್ಟರೆ ಪ್ರಯೋಜನ ಇಲ್ಲ, ಇಂಗಾಲ ಕರಗಿದ ಹಾಗೆ ಮ್ಯಾಂಗನೀಸ್ ತನ್ನ ಕೆಲಸ ಶುರು ಮಾಡುತ್ತೆ.

ಗೊಬ್ಬರ ತರೋವಾಗಲೂ ಹುಷಾರು. ನಗರದ ಕಾಂಪೋಸ್ಟ್‌ಗೆ ರಸಗೊಬ್ಬರ ನಿಯಂತ್ರಣ ಆದೇಶದ ಪ್ರಕಾರ ಕ್ರೋಮಿಯಂ ಮಿತಿ ಕೆಜಿಗೆ 50 ಮಿಲಿಗ್ರಾಂ. ಮಾರೋರ ಹತ್ತಿರ ಆ ಬ್ಯಾಚಿನ ವರದಿ ಕೇಳಿ, ಕೇಳೋ ಹಕ್ಕು ನಿಮಗಿದೆ. ಚರ್ಮದ ತ್ಯಾಜ್ಯದಿಂದ ಮಾಡಿದ ಸಾರಜನಕದ ಪುಡಿ ಅಗ್ಗಕ್ಕೆ ಸಿಗುತ್ತೆ ಅಂತ ಯಾರಾದರೂ ತಂದರೆ ವಾಪಸ್ ಕಳಿಸಿ. ಕ್ರೋಮ್‌ನಿಂದ ಹದ ಮಾಡಿದ ಚರ್ಮದ ಚೂರಿನಲ್ಲಿ ಕ್ರೋಮಿಯಂ ಕೆಜಿಗೆ ಮಿಲಿಗ್ರಾಂ ಲೆಕ್ಕದಲ್ಲಲ್ಲ, ಗ್ರಾಂ ಲೆಕ್ಕದಲ್ಲಿರುತ್ತೆ.

ನೀರಿನ ಸ್ಯಾಂಪಲ್ ತೆಗೆಯೋದು ಹೀಗೆ: ಬೋರ್ ಹತ್ತು ಹದಿನೈದು ನಿಮಿಷ ಓಡಲಿ. ಹೊಸ ಪ್ಲಾಸ್ಟಿಕ್ ಬಾಟಲಿಯನ್ನು ಅದೇ ನೀರಲ್ಲಿ ಎರಡು ಮೂರು ಸಲ ತೊಳೆದು ತುಂಬಿಸಿ. ಎನ್‌ಎಬಿಎಲ್ ಮಾನ್ಯತೆ ಇರೋ ಲ್ಯಾಬಿಗೆ ಫೋನ್ ಮಾಡಿ "ಒಟ್ಟು ಕ್ರೋಮಿಯಂ ಮತ್ತು ಹೆಕ್ಸಾವೇಲೆಂಟ್ ಕ್ರೋಮಿಯಂ ಎರಡೂ ಬೇಕು" ಅಂತ ಮೊದಲೇ ಹೇಳಿ, ಏಕೆಂದರೆ ಎರಡಕ್ಕೂ ಬೇರೆ ಬೇರೆ ಬಾಟಲಿ ಬೇಕಾಗುತ್ತೆ. ಒಟ್ಟು ಕ್ರೋಮಿಯಂಗೆ ಆಸಿಡ್ ಹಾಕಿಡ್ತಾರೆ, ಹೆಕ್ಸಾವೇಲೆಂಟ್‌ಗೆ ಹಾಕಬಾರದು, ಅದನ್ನು ಐಸ್ ಪೆಟ್ಟಿಗೆಯಲ್ಲಿಟ್ಟು ಅದೇ ದಿನ ತಲುಪಿಸಬೇಕು. ಬಾಟಲಿ ಮೇಲೆ ಸರ್ವೆ ನಂಬರ್, ದಿನಾಂಕ ಬರೆದು, ಬೋರ್ ಪಕ್ಕದಲ್ಲೇ ಜಿಪಿಎಸ್ ಸಮೇತ ಮೊಬೈಲಲ್ಲಿ ಫೋಟೋ ತೆಗೆದಿಡಿ. ಮಳೆಗಾಲದ ಮುಂಚೆ ಒಮ್ಮೆ, ಮುಗಿದ ಮೇಲೆ ಒಮ್ಮೆ ಮಾಡಿಸಿ. ಅಕ್ಕಪಕ್ಕದ ನಾಲ್ಕೈದು ಜನ ಸೇರಿ ಮಾಡಿಸಿದರೆ ಖರ್ಚೂ ಹಂಚಿಕೆಯಾಗುತ್ತೆ. ನಾಳೆ ಮಾಲಿನ್ಯ ನಿಯಂತ್ರಣ ಮಂಡಳಿಗೆ ದೂರು ಕೊಡೋವಾಗ ಒಂದು ಬೋರಿನ ವರದಿಗಿಂತ ಐದು ಬೋರಿನ ವರದಿಯನ್ನು ತಳ್ಳಿಹಾಕೋದು ಕಷ್ಟ.